ಕಲ್ಲುಸಕ್ಕರೆಯ ಪೊಟ್ಟಣ

ಅಕ್ಷರ ಕಲಿಸಿದ ಗುರುಗಳಿಗೂ ಕಾಯುವ ಶಿವನಿಗೂ ನಮಿಸಿ ಇದನ್ನು ಬರೆಯುತ್ತಿದ್ದೇನೆ.

ವಿನೋಬನಗರದ ಅಂಗಡಿಯಲ್ಲಿ ಪೂಜೆಗೆಂದು ಕೊಂಡ ಕಲ್ಲುಸಕ್ಕರೆಯ ಪೊಟ್ಟಣ ಬಿಚ್ಚಿದರೆ, ಕಟ್ಟಿದ ಕಾಗದ ವಿದ್ಯಾರ್ಥಿನಿಯೊಬ್ಬಳ ಕಾಲೇಜು ಪ್ರವೇಶದ ಅರ್ಜಿ: ಭಾವಚಿತ್ರ, ಜಾತಿ, ಹೊಳೆಹೊನ್ನೂರಿನ ವಿಳಾಸ, ಮೊಬೈಲ್ ಸಂಖ್ಯೆ.

"ಕಾಲೇಜಿನೋರೇ ರದ್ದಿಗೆ ಹಾಕ್ತಾರೆ ಸ್ವಾಮಿ, ಕಾಗದ ಗಟ್ಟಿ ಇರುತ್ತೆ," ಎಂದು, ಹೋಗಿ ಕೇಳಿದ್ದಕ್ಕೆ ಅಂಗಡಿಯವರು ನಕ್ಕರು.

ಎಚ್ಚರಿಸೋಣವೆಂದು ಆ ಮಗುವಿಗೆ ಕರೆ ಮಾಡಿದೆ. ಹೆಸರು ಹೇಳುವ ಮೊದಲೇ ಸಿಡಿದಳು: "ನಿಮಗ್ಯಾರ್ರೀ ನನ್ನ ನಂಬರ್ ಕೊಟ್ಟಿದ್ದು? ದಿನಾ ಒಬ್ಬೊಬ್ರು ಫೋನ್ ಮಾಡ್ತೀರ. ಅಪ್ಪ ಕಾಲೇಜೇ ಬಿಡು ಅಂತಿದಾರೆ!"

ಪೊಟ್ಟಣದ ಸಂಗತಿ ತಿಳಿಸಿದೆ. ಅವಳ ದನಿ ಇಳಿಯಿತು. "ಅಜ್ಜಾ, ಇದನ್ನ ನಮ್ಮಪ್ಪಂಗೆ ಹೇಳ್ತೀರಾ?"

ಅವಳು ಫೋನ್ ತಂದೆಯ ಕೈಗೆ ಕೊಟ್ಟಳು. ಹೇಳಿದೆ. "ಯಾವ ಕಾಲೇಜಿನೋರು ಅಂಥಾ ಕೆಲ್ಸ ಮಾಡ್ತಾರೆ ಸ್ವಾಮಿ? ಇವಳೇ ನಂಬರ್ ಕೊಟ್ಟಿರ್ತಾಳೆ," ಎಂದು ಆ ತಂದೆ ಫೋನಿಟ್ಟರು.

ಆ ತಂದೆಗೂ ಅಂಗಡಿಯವರಿಗೂ ಕಾಲೇಜಿನವರಿಗೂ ಶಿವನು ಒಳಿತು ಮಾಡಲಿ. ಆದರೆ ಮೊದಲು ಆ ಮಗುವಿಗೆ ಮಾಡಲಿ.