ತೆರೆಯ ಮೇಲಿನ ಹತ್ತಿ ಹೊಲ

ರಾಯಚೂರಿನ ನಮ್ಮ ಲ್ಯಾಬಿನಲ್ಲಿ ಹತ್ತಿ ಬೆಳೆಯುತ್ತಿದ್ದುದು ಕಂಪ್ಯೂಟರಿನೊಳಗೆ. ಜೀವಕೋಶ, ಎಲೆ, ಗಿಡ, ಹೊಲ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಎಲ್ಲವೂ ಗಣಿತದ ಸೂತ್ರಗಳೇ. ಏನೇ ಎಡವಟ್ಟಾದರೂ ನಮ್ಮ ಮೇಡಂ ಕನ್ನಡಕವನ್ನು ಹಣೆಗೇರಿಸಿ, "ಒಂದ್ ಮೆಟ್ಲಾ ಕೆಳಗ ಇಳದು ನೋಡ್ರಿ" ಎನ್ನುತ್ತಿದ್ದರು.

ದೇವದುರ್ಗದ ರೈತರಿಗೆ ಅದನ್ನು ತೋರಿಸಬೇಕಿದ್ದ ದಿನದ ಹಿಂದಿನ ದಿನ ತೆರೆಯ ಮೇಲಿನ ಹೊಲ ಬಾಡಿಹೋಯಿತು. ನಾವು ಹೊಲಕ್ಕೆ ನೀರು ಹೆಚ್ಚಿಸುತ್ತಲೇ ಇದ್ದೆವು. ಮೇಡಂ ಗಿಡವನ್ನೂ ದಾಟಿ ಎಲೆಗೆ ಇಳಿದರು. ಎಲೆಯ ಸಣ್ಣ ರಂಧ್ರಗಳು ಉರಿಬಿಸಿಲಲ್ಲೂ ತೆರೆದೇ ಇದ್ದವು; ಹಾಕಿದ ನೀರೆಲ್ಲ ಅಲ್ಲಿಂದಲೇ ಆವಿಯಾಗಿ ಹೋಗುತ್ತಿತ್ತು. ಅವನ್ನು ಮುಚ್ಚಿಸುವ ಸೂತ್ರವನ್ನೇ ನಾವು ಬರೆದಿರಲಿಲ್ಲ.

"ರಾಯಚೂರಾಗ ಮಧ್ಯಾಹ್ನ ಯಾರ್ ಬಾಗಲಾ ತಗದಿಡ್ತಾರ್ರೀ?" ಎಂದು ಮೇಡಂ ನಕ್ಕರು.

ಸೂತ್ರ ಸೇರಿಸಿದೆವು. ಹೊಲ ಹಸಿರಾಗಿ ನಿಂತಿತು. ಮೇಡಂ ಎದ್ದು, ಮಧ್ಯಾಹ್ನದ ಬಿಸಿಲು ಬರುತ್ತಿದ್ದ ಕಿಟಕಿ ಮುಚ್ಚಿ, ರೊಟ್ಟಿಯ ಬುತ್ತಿ ಬಿಚ್ಚಿದರು.

"ಎಲಿಗೆ ತಿಳೀತು. ಈಗ ನಾವೂ ಬಾಗಲಾ ಹಾಕ್ಕೊಳ್ಳೋಣ ಬರ್ರಿ."