ಕೋಸಂಬರಿಗೂ ಹುರಿದ ಮಾಂಸಕ್ಕೂ

ವಕ್ಕಲೇರಿಯಿಂದ ಮುಳಬಾಗಿಲಿಗೆ ಸೊಸೆಯಾಗಿ ಬಂದ ಬದ್ರುನ್ನೀಸಾ ಹಳೆ ಸೀರೆಗಳನ್ನು ಒಟ್ಟಿ ಬೊಂತೆ ಹೊಲಿಯುತ್ತಿದ್ದಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಅಂಥವಳ ಎದೆಯೂ ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಧಸಕ್ಕೆಂದಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಅಮೀನಾಳ ಮೈಯಲ್ಲಿ ರಕ್ತವೇ ಇಲ್ಲವಂತೆ! ಲೇಡಿ ಡಾಕ್ಟರು ಮಾತ್ರೆ ಕೊಟ್ಟು, "ರಕ್ತ ಏರಿಲ್ಲ ಅಂದ್ರೆ ಹೆರಿಗೆ ಮನೇಲಿ ಬೇಡ, ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಿ" ಎಂದುಬಿಟ್ಟರು. ಮೊಮ್ಮಗು ತನ್ನ ಮನೆಯಲ್ಲೇ ಹುಟ್ಟಬೇಕೆಂಬುದು ಬದ್ರುವಿನ ಒಂದೇ ಆಸೆ.

ಸರಿ, ದಿನವೂ ದನದ ಮಾಂಸ ತಂದು, ಈರುಳ್ಳಿ ಮೆಣಸು ಹಾಕಿ ಹುರಿದದ್ದೇ ಹುರಿದದ್ದು. ಪಕ್ಕದ ಮನೆಯ ಸುಂದರಾಬಾಯಿ ಗೋಡೆಯಾಚೆಯಿಂದ ಮೂಗು ಮುರಿದರು. ಆಕೆ ಅದರ ಹೆಸರನ್ನು ಎಂದೂ ಬಾಯಲ್ಲಿ ಆಡಿದವರಲ್ಲ.

"ಲೇ ಬದ್ರು, ಬಸುರಿಗೆ ಆ ನಿನ್ನ ಅದು ಯಾಕೇ? ಹೆಸರುಬೇಳೆ, ಸೌತೆಕಾಯಿ ಕೋಸಂಬರಿ ತಿನ್ಸು ಕಣೇ. ಮೈಗೆ ತಂಪು, ರಕ್ತಕ್ಕೂ ಒಳ್ಳೇದು."

"ನೆನೆಸಿದ ಬೇಳೇಲಿ ರಕ್ತ ಬರೋದಾದ್ರೆ ನೀವ್ಯಾಕೆ ಬಾಯಮ್ಮಾ ಹಿಂಗೆ ಬಿಳಿಚ್ಕೊಂಡಿದ್ದೀರಾ?"

ಬಾಯಮ್ಮ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆಯೇ ದೊನ್ನೆಯಲ್ಲಿ ಕೋಸಂಬರಿ ಗೋಡೆ ದಾಟಿ ಬರತೊಡಗಿತು. ಬದ್ರು ಅದನ್ನು ಬೆಳಿಗ್ಗೆಯೇ ತಿನ್ನಿಸುತ್ತಿದ್ದಳು, ಮಾಂಸವನ್ನು ರಾತ್ರಿ. ಪೂಜೆ ಮಾಡುವ ಕೈ ಕೊಟ್ಟದ್ದನ್ನು ಮಾಂಸದ ತಟ್ಟೆಗೆ ಹಾಕುವುದೇ? ತೋಬಾ ತೋಬಾ!

ಮತ್ತೆ ತೋರಿಸಿದಾಗ ರಕ್ತ ಏರಿದ್ದು ಸಾಲದಾಗಿತ್ತು. ಡಾಕ್ಟರಮ್ಮ ಏನು ತಿನ್ನಿಸುತ್ತೀಯೆಂದು ಕೇಳಿ, ಬದ್ರು ಬೆಳಿಗ್ಗೆ-ರಾತ್ರಿಯ ಕಥೆಯೆಲ್ಲ ಹೇಳಿದಾಗ ತಲೆ ಚಚ್ಚಿಕೊಂಡರು.

"ಮಾಂಸದಲ್ಲಿರೋ ಕಬ್ಬಿಣ ಬೇಗ ಮೈಗೆ ಹತ್ತುತ್ತೆ. ಬೇಳೇದು ಒಂಟಿಯಾಗಿ ಅಷ್ಟು ಹತ್ತಲ್ಲ, ಮಾಂಸ, ನಿಂಬೆಹುಳಿ ಜೊತೆಗಿದ್ರೆ ಹತ್ತುತ್ತೆ. ನಾರು, ಹಸಿ ತರಕಾರಿ ಸತ್ವ ಮಾಂಸದಲ್ಲಿಲ್ಲ, ಕೋಸಂಬರೀಲಿದೆ. ಯಾವುದು ಮೇಲು ಅಂತ ಜಗಳ ಯಾಕೆ? ಎರಡನ್ನೂ ಒಟ್ಟಿಗೆ ತಿನ್ಸಮ್ಮ! ಮಾತ್ರೇನೂ ಬಿಡ್ಬೇಡ."

ಒಟ್ಟಿಗೆ! ಬಾಯಮ್ಮನಿಗೆ ಹೇಳದೆ ತಿನ್ನಿಸಿದರೆ ಮೋಸ, ಹೇಳಿದರೆ ಎಲ್ಲಿ ನೊಂದುಕೊಳ್ಳುತ್ತಾರೋ. ಬದ್ರುವಿಗೆ ನಿಜಕ್ಕೂ ಹೆದರಿಕೆಯಾಯಿತು. ಕೊನೆಗೆ ಗೋಡೆಯ ಬಳಿ ನಿಂತು, ಸೆರಗು ತಿರುಚುತ್ತಾ ಹೇಳಿಯೇಬಿಟ್ಟಳು.

ಸುಂದರಾಬಾಯಿ ಬೆರಳು ಮಡಚಿ ಹೊತ್ತಿನ ಲೆಕ್ಕ ಹಾಕಿದರು. ಆಮೇಲೆ, "ರಾತ್ರಿ ಊಟದ ಹೊತ್ತಿಗೆ ಕಲಸಿ ಕೊಡ್ತೀನಿ. ಬೆಳಿಗ್ಗೆದು ಅಷ್ಟೊತ್ತಿಗೆ ಹಳಸಿರುತ್ತೆ. ನಿಂಬೆಹಣ್ಣು ಎರಡು ಹಿಂಡ್ಲಾ?" ಎಂದರು.

ದಿನಗಳು ಉರುಳಿದಂತೆ ಅಮೀನಾಳ ಕೆನ್ನೆಗೆ ಕಳೆ ಬಂತು. ಮುಂದಿನ ಸಲ ಡಾಕ್ಟರಮ್ಮ, "ಪರವಾಗಿಲ್ಲ, ಮನೇಲೇ ಆಗ್ಲಿ, ನರ್ಸಮ್ಮನ್ನ ಕಳಿಸ್ತೀನಿ" ಎಂದದ್ದೇ ತಡ, ಬದ್ರು ಮಗಳನ್ನು ಮನೆ ಮುಟ್ಟಿಸಿ ನೇರ ಬಾಯಮ್ಮನ ಹಿತ್ತಲಿಗೆ ನುಗ್ಗಿದಳು.

"ಬಾಯಮ್ಮಾ, ನಮ್ಮನೇಲೇ! ಹೆರಿಗೆ ನಮ್ಮನೇಲೇ!"

ಅಳುತ್ತಿದ್ದವಳನ್ನು ಸುಂದರಾಬಾಯಿ ಬಾಚಿ ತಬ್ಬಿಕೊಂಡರು. ತಬ್ಬಿಕೊಂಡ ಮೇಲೆ ನೆನಪಾಯಿತು.

"ಅಯ್ಯೋ, ಮಡೀಲಿದ್ದೆ ಕಣೇ! ಇನ್ನೊಂದ್ಸಲ ಸ್ನಾನ ಮಾಡ್ಬೇಕು."

ಎಂದರೇ ಹೊರತು ಕೈ ಸಡಿಲಿಸಲಿಲ್ಲ.