ಮುತ್ತುರಾಜನಿಗೆ ಒಪ್ಪುವ ಶಬ್ದ

ಸಿಂದಗಿಯಲ್ಲಿ ನನ್ನ ಕಾಳಿನ ಅಂಗಡಿಯ ಮೇಲಿನ ಖೋಲಿಯಲ್ಲಿ ಶಂಕ್ರೆಪ್ಪ ಮಾಸ್ತರರು ಇಂಗ್ಲಿಷ್ ಕ್ಲಾಸು ನಡೆಸುತ್ತಾರೆ. ನೌಕರಿ ಪರೀಕ್ಷೆಗೆ ಓದುವ ಹುಡುಗರಿಗೆ ಬೇಕಾದದ್ದು ಒಂದೇ, ನಾಲ್ಕು ಉತ್ತರಗಳಲ್ಲಿ ಯಾವುದಕ್ಕೆ ಟಿಕ್ ಹಾಕಬೇಕು ಎಂಬುದು. ಮಾಸ್ತರರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ. ಮಿಕ್ಕ ಮೂರು ಯಾಕೆ ಪೂರ್ತಿ ತಪ್ಪಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಹುಡುಗರ ಬಸ್ಸು ಹೊರಟುಹೋಗಿರುತ್ತದೆ. ಎರಡು ಕೋಚಿಂಗ್ ಸೆಂಟರಿನವರು ಅವರನ್ನು ಕರೆದು ಮತ್ತೆ ಬಿಟ್ಟದ್ದು ಇದಕ್ಕೇ.

ಮನೆಯಲ್ಲೂ ಹಾಗೆಯೇ. ಅವರ ಹೆಂಡತಿ ಸಾವಂತ್ರವ್ವ ಒಮ್ಮೆ ನನ್ನ ಎದುರಿಗೇ ಅಂದಳು: "ಸಾರಿಗೆ ಉಪ್ಪ ಸಾಕಾಗೇತೇನ್ರಿ ಅಂತ ಕೇಳಿದ್ರ, ಊಟಾ ಮುಗಿಸಿ ಕೈ ತೊಳಕೊಂಡ ಮ್ಯಾಲ ಹೇಳ್ತಾರ ನೋಡ್ರಿ."

ನಾನು ದಿನವಿಡೀ ಧಾರಣೆ ಹೇಳುವವನು. ಕೇಳಿದ ಕೂಡಲೇ ಬಾಯಿ ಬಿಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ನಡೆಯುತ್ತಾನೆ. ಇಂಥವನ ತಲೆಯ ಮೇಲೆ ದೇವರು ಅಂಥವರನ್ನು ತಂದು ಕೂರಿಸಿದ್ದಾನೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ ನಾಲತವಾಡದ ಸೀತವ್ವ ಎಂಬ ಹೆಣ್ಣುಮಗಳು ಅಂಗಡಿಗೆ ಬಂದು, "ಸಾವಕಾರ್ರ, ಒಂದ್ ಕಿಲೋ ತೊಗರಿ ಬ್ಯಾಳಿ ಕೊಡ್ರಿ" ಅಂದಳು. ಮನೆಯ ಹಿತ್ತಲಿನಾಚೆಗೇ ತೊಗರಿ ಬೆಳೆಯುವ ಊರಿನಿಂದ ಬಸ್ಸು ಬದಲಿಸಿ ಬಂದು ಒಂದು ಕಿಲೋ ಬೇಳೆ ಕೊಳ್ಳುವವರು ಬೇಳೆಗಾಗಿ ಬಂದಿರುವುದಿಲ್ಲ. ಮಗಳಿಗೆ ಗಂಡು ನೋಡಿರುತ್ತಾರೆ. ಗಂಡಿನ ಓಣಿಯ ಅಂಗಡಿಯಲ್ಲಿ ಏನಾದರೂ ಕೊಳ್ಳುತ್ತ ವಿಚಾರಿಸುವುದು ನಮ್ಮ ಕಡೆಯ ರೂಢಿ.

ಉತ್ತರಕ್ಕೂ ಒಂದು ರೂಢಿಯಿದೆ. ಕೇಳಿದ ತಕ್ಷಣ "ಬಂಗಾರದಂಥ ಹುಡುಗ" ಅಂದರೆ ಸಂಬಂಧ ಮುಂದೆ ಹೋಗುತ್ತದೆ. ಕೆಟ್ಟದ್ದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ಮನೆ ಗಂಟಲು ಸರಿಮಾಡಿಕೊಂಡರೆ ಸಾಕು, ಕೇಳಿದವರು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಾರೆ.

ಗಂಡು ಮುತ್ತುರಾಜ, ನಮ್ಮ ಓಣಿಯ ಪಂಪ್‌ಸೆಟ್ ಅಂಗಡಿಯವನು. ಕಾರಿನ ಹಿಂದಿನ ಗಾಜಿನ ತುಂಬ ಅವನ ಹೆಸರು. ಯಾವ ಹಬ್ಬ ಬಂದರೂ ಸರ್ಕಲ್ಲಿನಲ್ಲಿ ಶುಭಾಶಯ ಕೋರಿ ಅವನ ಬ್ಯಾನರು, ಕಪ್ಪು ಕನ್ನಡಕದಲ್ಲಿ.

"ಹುಡುಗ ಭಾಳ ಡೌಲ ಮಾಡ್ತಾನಂತ," ಅಂದಳು ಸೀತವ್ವ. "ನಮ್ಮ ಮಗಳು ಪ್ರಜ್ಞಾಳ ಮನಸಿಗಂತೂ ಬಂದಾನ. ನನಗ ಡೌಲಿನ ಹೆದರಿಕಿರಿ. ನನ್ನ ತಂಗೀನ್ನ ಕೊಟ್ಟ ಮನ್ಯಾಗ ಮದವಿ ದಿನ ಇದ್ದ ಪಲ್ಲಂಗ, ಟೀವಿ ಎಲ್ಲಾ ಮರುದಿನ ಮಂದಿ ಬಂದು ಹೊತ್ಕೊಂಡು ಹ್ವಾದ್ರು. ಎರವಿನವು."

ಬಂಗಾರದಂಥ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾಸ್ತರರು ಮೆಟ್ಟಿಲು ಇಳಿದು ಬಂದರು. ಮುತ್ತುರಾಜ ಅವರ ಹಳೆಯ ವಿದ್ಯಾರ್ಥಿ ಎಂಬುದನ್ನು ಸೀತವ್ವ ಮೊದಲೇ ತಿಳಿದುಕೊಂಡಿದ್ದಳು. ನನ್ನನ್ನು ಅಲ್ಲೇ ಬಿಟ್ಟು ಅವರ ಕಡೆ ತಿರುಗಿದಳು.

ಮಾಸ್ತರರು ಚೀಲದ ಮೇಲೆ ಕೂತರು. "ಡೌಲ ಐತಿ, ಇಲ್ಲನ್ನಂಗಿಲ್ಲ. ಆದ್ರ ಯಾವ ಡೌಲು? ಇಂಗ್ಲಿಷಿನಾಗ ಇದಕ್ಕ ಮೂರು ಶಬ್ದ ಅದಾವ್ರಿ ತಂಗಿ. ಆಸ್ಟೆಂಟೇಶಸ್ ಅಂದ್ರ ಇದ್ದದ್ದನ್ನ ಮೆರಸಾಂವ. ಪ್ರಿಟೆನ್ಶಸ್ ಅಂದ್ರ ಇಲ್ಲದ್ದನ್ನ ಐತಿ ಅಂತ ತೋರ್ಸಾಂವ. ಪಾಂಪಸ್ ಅಂದ್ರ, ಇರಲಿ ಬಿಡಲಿ, ನಾನ ದೊಡ್ಡಾಂವ ಅಂತ ಎದಿ ಉಬ್ಬಿಸಿ ಮಾತಾಡಾಂವ."

ಸೀತವ್ವ ನನ್ನ ಮುಖ ನೋಡಿದಳು. ನಾನು ಅಂಗಡಿಯ ಭಾಷೆಗೆ ಇಳಿಸಿದೆ: "ಚೀಲದ ಬಾಯಾಗೂ ಚಲೋ ಕಾಳು, ತಳಕ್ಕೂ ಚಲೋ ಕಾಳು, ಅದು ಮೊದಲನೇದು. ಬಾಯಾಗಷ್ಟ ಚಲೋ, ತಳಕ್ಕ ಹೊಟ್ಟು, ಅದು ಎರಡನೇದು. ಮೂರನೇದವ ಚೀಲಾನ ಬಿಚ್ಚಂಗಿಲ್ಲ, ಬರೇ ಮಾತು."

"ಹಂಗಾರ ಈ ಹುಡುಗ ಯಾವ ಚೀಲ್ರಿ ಮಾಸ್ತರ್ರ?"

ಇದಕ್ಕಿಂತ ಚೊಕ್ಕ ಪ್ರಶ್ನೆಯನ್ನು ಅವರ ಯಾವ ವಿದ್ಯಾರ್ಥಿಯೂ ಕೇಳಿರಲಿಕ್ಕಿಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಬಂಗಾರದಂಥ ಹುಡುಗ ಅನ್ರಿ" ಎಂದು ನಾನು ಮೆಲ್ಲಗೆ ಅಂದೆ. "ನೋಡದ ಹ್ಯಾಂಗ ಅನ್ನೂದ್ರಿ?" ಎಂದು ಅವರು ಗಟ್ಟಿಯಾಗಿಯೇ ಅಂದರು. ಆಮೇಲೆ ಸೀತವ್ವನಿಗೆ, "ಸ್ವಲ್ಪ ತಡೀರಿ, ವಿಚಾರ ಮಾಡಿ ತಿಳಿಸ್ತೇನಿ" ಅಂದರು.

ಸೀತವ್ವ ಎದ್ದಳು. ತೂಗಿಟ್ಟ ಬೇಳೆಯನ್ನು ಕಟ್ಟೆಯ ಮೇಲೆಯೇ ಬಿಟ್ಟು ನಡೆದಳು.

"ಏನ್ರಿ, ಸಂಬಂಧಾನ ಮುರದ್ರಲ್ಲ," ಅಂದೆ.

"ನಾ ಎಲ್ಲಿ ಮುರದೆ? ಏನೂ ಹೇಳೇ ಇಲ್ಲಲ್ಲ ಇನ್ನಾ."

ಮಾಸ್ತರರಿಗೆ ಇಂಗ್ಲಿಷಿನ ಸೂಕ್ಷ್ಮಗಳೆಲ್ಲ ಗೊತ್ತು, ಹುಟ್ಟಿ ಬೆಳೆದ ಓಣಿಯಲ್ಲಿ 'ತಡೀರಿ' ಅಂದರೂ ಗಂಟಲು ಸರಿಮಾಡಿಕೊಂಡ ಹಾಗೆಯೇ ಎಂಬುದೊಂದು ಗೊತ್ತಿಲ್ಲ.

ಅವರು ನಿಜವಾಗಿಯೂ ವಿಚಾರಕ್ಕೆ ಬಿದ್ದರು. ಮುತ್ತುರಾಜನ ಮನೆಗೆ ಹೋಗಿ ಚಹಾ ಕುಡಿದರು. ಪಂಪು ಕೊಂಡವರನ್ನು ಮಾತಾಡಿಸಿದರು. ಕಾರು ಯಾರ ಹೆಸರಿನಲ್ಲಿದೆ ಎಂದು ಡ್ರೈವರನನ್ನೇ ಕೇಳಿದರು. ಇತ್ತ ಮೇಲಿನ ಕ್ಲಾಸು ನಿಂತು, ಹುಡುಗರು ನನ್ನ ಕಟ್ಟೆಯ ಮೇಲೆ ಕೂತು ಶೇಂಗಾ ತಿಂದು ಸಿಪ್ಪೆಯನ್ನು ನನಗೆ ಬಿಟ್ಟು ಹೋಗುತ್ತಿದ್ದರು.

ನಡುವೆ ಮುತ್ತುರಾಜ ಬಂದ. ಕಾರನ್ನು ಅಂಗಡಿಗೆ ಅಡ್ಡ ನಿಲ್ಲಿಸಿದ, ಕನ್ನಡಕ ಮಾತ್ರ ಇರಲಿಲ್ಲ.

"ಕಾಕಾ, ನಾಲತವಾಡದವರು ಬ್ಯಾಡ ಅಂದ್ರಂತ. ಮಾಸ್ತರ ನನ್ನ ಬಗ್ಗೆ ಏನ್ ಹೇಳಿದ್ರು?"

"ಏನೂ ಹೇಳಿಲ್ಲೋ."

"ಅದನ್ನ ಕೇಳಾಕತ್ತೀನಿ. ಏನೂ ಯಾಕ ಹೇಳಲಿಲ್ಲ?"

ಮಾಸ್ತರರು ಪರೀಕ್ಷೆ ಪಾಸಾದ ಹುಡುಗನ ಹಾಗೆ ಅಂಗಡಿಗೆ ಬಂದದ್ದು ಅದಾದ ಮೇಲೆ. "ಆಸ್ಟೆಂಟೇಶಸ್. ಖಾತ್ರಿ ಆತು. ಕಾರು ಅವನದ, ಮನಿ ಅವನದ. ತಂಗೀನ್ನ ನರ್ಸಿಂಗ್ ಓದ್ಸಾಕತ್ತಾನ, ಅದರ ಬ್ಯಾನರ್ ಎಲ್ಲೂ ಹಾಕಿಲ್ಲ. ಮೆರಿತಾನ, ಖರೆ. ಎರವಿಂದು ಏನೂ ಇಲ್ಲ. ಸೀತವ್ವಗ ಫೋನ್ ಹಚ್ರಿ."

ಹಚ್ಚಿ, ಸ್ಪೀಕರಿಗೆ ಹಾಕಿ, ಕಟ್ಟೆಯ ಮೇಲಿಟ್ಟೆ. ಮಾಸ್ತರರು ಎಲ್ಲವನ್ನೂ ಹೇಳಿದರು. ಈ ಸಲ ಎಲ್ಲೂ ತಡವರಿಸಲಿಲ್ಲ.

"ಇಷ್ಟನ್ನ ಅವತ್ತ ಅಂದಿದ್ರ ಆಗ್ತಿತ್ತಲ್ರಿ ಮಾಸ್ತರ್ರ," ಅಂದಳು ಸೀತವ್ವ. "ಬಸವನ ಬಾಗೇವಾಡಿ ಹುಡುಗಗ ಮಾತು ಕೊಟ್ಟೀವಿ. ಅಲ್ಲಿ ಕಿರಾಣಿ ಅಂಗಡ್ಯಾಗ ಕೇಳಿದ್ವಿ. ಕೇಳೂದ ತಡ, ಬಂಗಾರದಂಥ ಹುಡುಗ ಅಂದ್ರು."

ಮಾಸ್ತರರು ನನ್ನ ಕಡೆ ನೋಡಿದರು. ಕಿರಾಣಿಯವರು ಎಷ್ಟು ನೋಡಿ ಹಾಗೆ ಹೇಳುತ್ತಾರೆ ಎಂಬುದು ನನಗೆ ಗೊತ್ತು. ನಾನು ಬೇಳೆಯ ಕಡೆ ನೋಡಿದೆ.

"ಆಗಲಿ, ಚಲೋ ಆತು," ಅಂದರು ಅವರು. "ಪ್ರಜ್ಞಾಗ ಒಪ್ಪಿಗಿ ಐತೇನ್ರಿ ತಂಗಿ?"

ಆ ಕಡೆ ಎಲ್ಲೋ ಒಂದು ಟ್ರ್ಯಾಕ್ಟರು ಹಾದುಹೋದ ಸದ್ದು ಕೇಳಿಸಿತು. ಅದು ಪೂರ್ತಿ ದೂರವಾದ ಮೇಲೆ, ಸೀತವ್ವ ಗಂಟಲು ಸರಿಮಾಡಿಕೊಂಡಳು.